ಮನೆಯ ಜಿರಳೆ, ಹಿತ್ತಲಿನ ಜಿರಳೆ: ಗುರುತು ಹಿಡಿಯಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿಪೂರ್ವ ಕಾಲೇಜಿನಲ್ಲಿ ವರ್ಷಗಟ್ಟಲೆ ಜೀವಶಾಸ್ತ್ರ ಕಲಿಸಿದ್ದಕ್ಕೆ ನನಗೆ ದಕ್ಕಿದ ಪಿಂಚಣಿಯೆಂದರೆ, ಹಳೆಯ ವಿದ್ಯಾರ್ಥಿಗಳು ರಾತ್ರಿ ಹನ್ನೊಂದು ಗಂಟೆಗೆ ಮೊಬೈಲಿಗೆ ಕಳಿಸುವ ಜಿರಳೆಯ ಚಿತ್ರಗಳು. ಅರ್ಧಕ್ಕರ್ಧ ಚಿತ್ರಗಳಲ್ಲಿ ಜಿರಳೆಗಿಂತ ಪೊರಕೆಯೇ ಚೆನ್ನಾಗಿ ಕಾಣುತ್ತದೆ. ಜೊತೆಗೊಂದು ಸಾಲು: "ಸಾರ್, ಇದು ಯಾವುದು? ಏನು ಹೊಡೆಯಬೇಕು?" ಒಬ್ಬೊಬ್ಬರಿಗೂ ಬರೆದು ಸಾಕಾಗಿ, ಉತ್ತರಗಳನ್ನೆಲ್ಲ ಒಂದೆಡೆ ಕಟ್ಟಿಟ್ಟಿದ್ದೇನೆ. ಕರ್ನಾಟಕದ ಮನೆ, ಹಿತ್ತಲು, ತೋಟಗಳಲ್ಲಿ ಎದುರಾಗುವ ಜಿರಳೆಗಳ ಬಗ್ಗೆ ಮಾತ್ರ ಇಲ್ಲಿ ಮಾತು.

ಜಿರಳೆ ಎಂದರೆ ಜಿರಳೆ. ಯಾವ ಜಾತಿಯಾದರೇನು, ಗುರುತಿಸಿ ಏನಾಗಬೇಕಿದೆ?

ಹೊಡೆದು ಬಿಸಾಡುವುದಷ್ಟೇ ಗುರಿಯಾದರೆ ಏನೂ ಆಗಬೇಕಿಲ್ಲ. ಆದರೆ ನಾಳೆ ಮತ್ತೆ ಬಾರದಿರಲಿ ಎಂದರೆ ಅದು ಎಲ್ಲಿಂದ ಬರುತ್ತಿದೆ ಎಂಬುದು ಗೊತ್ತಿರಬೇಕು. ಜಿರಳೆಯ ಜಾತಿ ಗೊತ್ತಾದರೆ ಅದರ ವಿಳಾಸವೂ ಗೊತ್ತಾದಂತೆ. ಒಂದು ಜಾತಿಯ ವಾಸ ಚರಂಡಿಯಲ್ಲಿ, ಇನ್ನೊಂದರದು ಗ್ಯಾಸ್ ಒಲೆಯ ಕೆಳಗೆ, ಮತ್ತೊಂದರದು ಗೋಡೆಗೆ ನೇತುಹಾಕಿದ ಪಟದ ಹಿಂದೆ. ನಮ್ಮ ಬೀದಿಯ ಗೆಳೆಯರೊಬ್ಬರು ಒಂದು ಇಡೀ ಬೇಸಿಗೆ ಅಡುಗೆಮನೆಗೆ ಔಷಧಿ ಸಿಂಪಡಿಸಿದರು. ಡಬ್ಬಿಗಳನ್ನೆಲ್ಲ ಇಳಿಸುವುದು, ತೊಳೆಯುವುದು, ಮತ್ತೆ ಏರಿಸುವುದು ನಡೆದೇ ನಡೆಯಿತು. ಅವರ ಮನೆಗೆ ಬರುತ್ತಿದ್ದುದು ಚರಂಡಿಯ ದೊಡ್ಡ ಜಿರಳೆ. ಬಟ್ಟೆ ಒಗೆಯುವ ಕಟ್ಟೆಯ ಪಕ್ಕದ ಛೇಂಬರಿನ ಮುಚ್ಚಳ ಮೂಲೆಯಲ್ಲಿ ಒಡೆದಿತ್ತು. ಮುಚ್ಚಳ ಬದಲಾಯಿಸಿದ ವಾರದಲ್ಲಿ ಕಾಟ ನಿಂತಿತು.

ನಮ್ಮ ಕಡೆ ಎಷ್ಟು ಬಗೆಯ ಜಿರಳೆಗಳಿವೆ?

ಜಗತ್ತಿನಲ್ಲಿ ಹೆಸರು ಪಡೆದಿರುವ ಜಿರಳೆ ಜಾತಿಗಳು ಸುಮಾರು 4,600. ಅವುಗಳಲ್ಲಿ ಮನುಷ್ಯರ ಅಕ್ಕಪಕ್ಕ ಬದುಕುವುದನ್ನು ಕಲಿತವು ಮೂವತ್ತರ ಆಸುಪಾಸು. ಉಳಿದವು ಕಾಡಿನ ತರಗೆಲೆಯಲ್ಲೋ ಕೊಳೆತ ಮರದಲ್ಲೋ ತಮ್ಮ ಪಾಡಿಗೆ ತಾವಿದ್ದು, ಬಿದ್ದದ್ದನ್ನು ಗೊಬ್ಬರ ಮಾಡುತ್ತಿರುತ್ತವೆ. ನಮ್ಮ ಮನೆಗಳೊಳಗೆ ನೀವು ನೋಡುವುದು ಬಹುಮಟ್ಟಿಗೆ ಮೂರೇ ಜಾತಿ: ಅಮೆರಿಕನ್, ಜರ್ಮನ್ ಮತ್ತು ಕಂದುಪಟ್ಟೆಯ ಜಿರಳೆ. ಹಿತ್ತಲು, ಹೂಕುಂಡ, ತೋಟ, ಬೀದಿದೀಪಗಳ ಬಳಿ ಇನ್ನೂ ಮೂರ್ನಾಲ್ಕು ಬಗೆ ಸಿಗುತ್ತವೆ.

ಹೆಸರಿನ ಬಗ್ಗೆಯೂ ಕೆಲವರು ಕೇಳುತ್ತಾರೆ. ಜಿರಳೆ, ಜಿರಲೆ ಎರಡೂ ಬಳಕೆಯಲ್ಲಿವೆ, ಎರಡೂ ಸರಿ. ಉತ್ತರ ಕರ್ನಾಟಕದ ಕಡೆ ಜೊಂಡಿಗ ಎನ್ನುವುದೂ ಇದನ್ನೇ.

ಗುರುತಿಸಲು ಮೊದಲು ಏನನ್ನು ನೋಡಬೇಕು?

ಬಣ್ಣವನ್ನಂತೂ ಅಲ್ಲ. ಎಲ್ಲವೂ ಕಂದೇ. ಟ್ಯೂಬ್‌ಲೈಟಿನ ಕೆಳಗೆ ಒಂದು ಕಂದು, ಬಿಸಿಲಿನಲ್ಲಿ ಇನ್ನೊಂದು ಕಂದು.

ಮೊದಲು ಉದ್ದ ನೋಡಿ. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. ಜಿರಳೆ ಅದಕ್ಕಿಂತ ಉದ್ದವಿದೆಯೇ, ಅದರ ಅರ್ಧದಷ್ಟಿದೆಯೇ? ಇಷ್ಟರಿಂದಲೇ ಅರ್ಧ ಕೆಲಸ ಮುಗಿಯುತ್ತದೆ. ಆಮೇಲೆ ಹೆಗಲು. ಜಿರಳೆಯನ್ನು ಮೇಲಿನಿಂದ ನೋಡಿದರೆ ತಲೆ ಕಾಣುವುದೇ ಇಲ್ಲ, ಅದನ್ನು ಮುಚ್ಚಿಕೊಂಡಂತೆ ಒಂದು ಗುರಾಣಿ ಇರುತ್ತದೆ. ಅಲ್ಲಿ ಪಟ್ಟೆಯಿದೆಯೇ, ಬಳೆಯಿದೆಯೇ, ಅಂಚು ಬಿಳಿಯಾಗಿದೆಯೇ ಎಂಬುದೇ ಅದರ ಆಧಾರ್ ಕಾರ್ಡು. ಕೊನೆಯದು ಸಿಕ್ಕಿದ ಜಾಗ. ಬಚ್ಚಲೋ, ಒಲೆಯ ಕಟ್ಟೆಯೋ, ಟಿ.ವಿ. ಹಿಂದೆಯೋ, ಹೂಕುಂಡವೋ? ನನ್ನನ್ನು ಕೇಳಿದರೆ, ಜಾಗವನ್ನು ಸರಿಯಾಗಿ ಹೇಳಿದವರ ಜಿರಳೆಯನ್ನು ಚಿತ್ರ ನೋಡದೆಯೂ ಮುಕ್ಕಾಲು ಪಾಲು ಊಹಿಸಬಹುದು.

ಬಚ್ಚಲುಮನೆಯಲ್ಲಿ ದೊಡ್ಡದಾದ ಕೆಂಪು ಜಿರಳೆ ಬರುತ್ತದೆ. ಯಾವುದದು?

ಅಮೆರಿಕನ್ ಜಿರಳೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಪೆರಿಪ್ಲಾನೆಟಾ ಅಮೆರಿಕಾನಾ ಎಂಬ ಹೆಸರು ನೆನಪಿದ್ದೀತು. ಮೇಣದ ತಟ್ಟೆಯ ಮೇಲೆ ಗುಂಡುಸೂಜಿ ಚುಚ್ಚಿಸಿಕೊಂಡು ಮಲಗಿದ್ದವನು ಇವನೇ.

ಉದ್ದ ಮೂರೂವರೆಯಿಂದ ನಾಲ್ಕು ಸೆಂಟಿಮೀಟರ್, ಕೆಲವೊಮ್ಮೆ ಇನ್ನೂ ಹೆಚ್ಚು. ಅಂದರೆ ಒಂದು ಬೆಂಕಿಕಡ್ಡಿಯ ಉದ್ದ. ಮೀಸೆ ಮೈಗಿಂತ ಉದ್ದ. ಮೈ ಹೊಳೆಯುವ ಕೆಂಗಂದು. ಹೆಗಲ ಗುರಾಣಿಯ ಅಂಚಿನ ಸುತ್ತ ಮಾಸಲು ಹಳದಿ, ನಡುವೆ ಇಂಗ್ಲಿಷಿನ ಎಂಟರ ಅಂಕಿಯನ್ನು ಅಡ್ಡ ಮಲಗಿಸಿದಂಥ ಕಂದು ಮಚ್ಚೆ. ಗಂಡಿನ ರೆಕ್ಕೆ ಹೊಟ್ಟೆಯನ್ನು ದಾಟಿ ಸ್ವಲ್ಪ ಹೊರಚಾಚಿರುತ್ತದೆ, ಹೆಣ್ಣಿನದು ಹೊಟ್ಟೆಯ ತುದಿಗೇ ಮುಗಿಯುತ್ತದೆ. ಹಿಂಬದಿಯಲ್ಲಿ ಎರಡು ಗಿಡ್ಡ ಬಾಲಗಳಿರುವುದು ಎರಡಕ್ಕೂ ಸಾಮಾನ್ಯ. ಅವುಗಳ ನಡುವೆ ಇನ್ನೊಂದು ಜೊತೆ ಸಣ್ಣ ಮುಳ್ಳಿದ್ದರೆ ಗಂಡು. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಅಂಕ ಕಳೆದುಕೊಂಡ ಎಷ್ಟೋ ಮಂದಿ ಈಗ ವೈದ್ಯರಾಗಿದ್ದಾರೆ.

ಆ ಗಿಡ್ಡ ಬಾಲಗಳ ಮೇಲೆ ಬಲು ಸಣ್ಣ ಕೂದಲುಗಳಿವೆ. ಚಪ್ಪಲಿ ಎತ್ತಿ ಬೀಸಿದಾಗ ಅದರ ಮುಂದೆ ಗಾಳಿ ನುಗ್ಗುತ್ತದಲ್ಲ, ಆ ಗಾಳಿ ಕೂದಲಿಗೆ ತಾಗಿದ ಕ್ಷಣದಲ್ಲೇ ಕಾಲು ಓಟ ಕೀಳುತ್ತದೆ. ಓಟವೂ ಸಾಮಾನ್ಯದ್ದಲ್ಲ, ಸೆಕೆಂಡಿಗೆ ಸುಮಾರು ಒಂದೂವರೆ ಮೀಟರ್. ಚಪ್ಪಲಿ ನೆಲಕ್ಕೆ ಬೀಳುವಷ್ಟರಲ್ಲಿ ಜಿರಳೆ ಅಲ್ಲಿರುವುದಿಲ್ಲ. ಏಟು ತಪ್ಪಿದ್ದಕ್ಕೆ ನಿಮ್ಮ ಗುರಿಯನ್ನು ಹಳಿಯಬೇಡಿ.

ಇದರ ಮನೆ ಒಳಚರಂಡಿ, ಛೇಂಬರ್, ಮ್ಯಾನ್‌ಹೋಲ್, ನೀರಿನ ಸಂಪಿನ ಸುತ್ತಲಿನ ಸಂದಿ, ಹಳೆಯ ಮನೆಗಳ ಕಟ್ಟಿಗೆ ಕೋಣೆ. ನಿಮ್ಮ ಮನೆಗೆ ಇದು ಅತಿಥಿ ಮಾತ್ರ. ಬಚ್ಚಲಿನ ನೀರು ಹೊರಹೋಗುವ ತೂತಿನ ಕೆಳಗಿರುವ ಬಟ್ಟಲಿನಲ್ಲಿ, ಅಂದರೆ ನಹಾನಿ ಟ್ರ್ಯಾಪ್‌ನಲ್ಲಿ, ನೀರು ನಿಂತಿದ್ದರೆ ಅದು ಬಾಗಿಲು ಹಾಕಿದಂತೆ. ಬಳಸದ ಬಚ್ಚಲಿನಲ್ಲಿ ಆ ನೀರು ಒಣಗಿಹೋಗುತ್ತದೆ, ಆಗ ದಾರಿ ಸಲೀಸು. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ಬಂದ ದಿನವೇ ಬಚ್ಚಲಿನಲ್ಲಿ ನಾಲ್ಕು ಜಿರಳೆ ಸತ್ತು ಬಿದ್ದಿರುವುದರ ಗುಟ್ಟು ಇಷ್ಟೇ.

ಅದು ಅಮೆರಿಕದಿಂದ ಬಂದದ್ದೇ?

ಅಲ್ಲ. ತವರು ಆಫ್ರಿಕಾ. ಹಡಗುಗಳ ತಳದಲ್ಲಿ ಸಾಗರ ದಾಟಿ ಅಮೆರಿಕ ಸೇರಿತ್ತು. ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1758ರಲ್ಲಿ ಹೆಸರಿಡುವ ಹೊತ್ತಿಗೆ ಅದು ಅಲ್ಲಿಯದೇ ಎಂಬಂತೆ ಬೇರೂರಿತ್ತು. ಜಿರಳೆಗಳ ಹೆಸರಿನಲ್ಲಿರುವ ದೇಶವನ್ನು ನಂಬಲೇಬೇಡಿ. ಮುಂದೆ ಬರುವ ಜರ್ಮನ್, ಆಸ್ಟ್ರೇಲಿಯನ್, ಸುರಿನಾಮ್ ಎಲ್ಲವುಗಳ ಕಥೆಯೂ ಹೀಗೇ.

ಅಡುಗೆಮನೆಯಲ್ಲಿ ಸಣ್ಣ ಸಣ್ಣವು ಹಿಂಡುಹಿಂಡಾಗಿವೆ. ಇವು ದೊಡ್ಡ ಜಿರಳೆಯ ಮರಿಗಳೇ?

ಹೆಚ್ಚಿನವರು ಎಡವುವುದು ಇಲ್ಲಿಯೇ. ಇವು ಮರಿಗಳಲ್ಲ, ಬೇರೆಯದೇ ಜಾತಿ. ಜರ್ಮನ್ ಜಿರಳೆ, ಬ್ಲಾಟೆಲ್ಲಾ ಜರ್ಮಾನಿಕಾ. ಬೆಳೆದು ಮುಗಿದ ಮೇಲೂ ಇದರ ಉದ್ದ 12ರಿಂದ 15 ಮಿಲಿಮೀಟರ್, ನಾಣ್ಯದ ಅರ್ಧ. ಬಣ್ಣ ಗೋಧಿಗಂದು. ಹೆಗಲ ಮೇಲೆ ಉದ್ದಕ್ಕೆ ಎರಡು ಕಪ್ಪು ಗೆರೆಗಳು, ಯಾರೋ ಕಾಡಿಗೆ ಕಡ್ಡಿಯಿಂದ ಎಳೆದಂತೆ. ಅಡುಗೆಮನೆಯಲ್ಲಿ ಆ ಎರಡು ಗೆರೆ ಕಂಡರೆ ಮುಗಿಯಿತು, ಬೇರೆ ಪರೀಕ್ಷೆ ಬೇಡ. ರೆಕ್ಕೆಯಿದೆ, ಹಾರಲು ಬಾರದು. ಮೊಟ್ಟೆಯಿಂದ ಆಗಷ್ಟೇ ಬಂದ ಮರಿ ಎಳ್ಳಿನ ಕಾಳಿನಷ್ಟಿದ್ದು, ಕಪ್ಪಗೆ, ಬೆನ್ನಿನ ನಡುವೆ ತಿಳಿ ಬಣ್ಣದ ಪಟ್ಟಿ ಹೊತ್ತಿರುತ್ತದೆ.

ಚರಂಡಿಯ ಜಿರಳೆ ಅತಿಥಿ ಎಂದೆನಲ್ಲ, ಇದು ಬಾಡಿಗೆ ಕೊಡದೆ ಕುಳಿತ ಒಕ್ಕಲು. ಮನೆಯಾಚೆ ಇದಕ್ಕೆ ಬದುಕಿಲ್ಲ. ಫ್ರಿಜ್ಜಿನ ಮೋಟಾರಿನ ಬಿಸಿ, ಅದರ ಬಾಗಿಲಿನ ರಬ್ಬರಿನ ಮಡಿಕೆ, ಮಿಕ್ಸಿಯ ತಳ, ಗ್ಯಾಸ್ ಒಲೆಯ ಬರ್ನರಿನ ಕೆಳಗಿನ ತಟ್ಟೆ, ಸಿಂಕಿನ ಕೆಳಗಿನ ಕಪಾಟು, ಕಪಾಟಿನ ಬಾಗಿಲ ತಿರುಗಣಿ. ರಾತ್ರಿ ಎರಡು ಗಂಟೆಗೆ ನೀರು ಕುಡಿಯಲೆಂದು ಎದ್ದು ದೀಪ ಹಾಕಿದಾಗ ಕಟ್ಟೆಯ ಮೇಲಿನಿಂದ ಎಲ್ಲ ದಿಕ್ಕಿಗೂ ಚದುರಿ ಓಡುವವು ಇವೇ. ಮನೆಗೆ ಬರುವುದು ನಡೆದುಕೊಂಡಲ್ಲ, ಸಾಮಾನಿನ ಜೊತೆ. ದಿನಸಿಯ ರಟ್ಟಿನ ಪೆಟ್ಟಿಗೆ, ತಂಪುಪಾನೀಯದ ಕ್ರೇಟು, ಸೆಕೆಂಡ್ ಹ್ಯಾಂಡ್ ಫ್ರಿಜ್ಜು ಇವುಗಳ ವಾಹನ. ಅಪಾರ್ಟ್‌ಮೆಂಟುಗಳಲ್ಲಿ ಪೈಪುಗಳು ಹಾದುಹೋಗುವ ಸಂದಿಯಲ್ಲಿ ಮನೆಯಿಂದ ಮನೆಗೆ ದಾಟುತ್ತವೆ.

ಇದರ ಬಲ ಇರುವುದು ಸಂಖ್ಯೆಯಲ್ಲಿ. ಮನೆಯೊಳಗಿನ ಉಳಿದೆರಡು ಜಿರಳೆಗಳು ಮೊಟ್ಟೆಚೀಲವನ್ನು ಎಲ್ಲೋ ಅಂಟಿಸಿ ಹೋಗುತ್ತವೆ. ಜರ್ಮನ್ ಹೆಣ್ಣು ಮರಿ ಒಡೆಯುವ ಸಮಯ ಹತ್ತಿರವಾಗುವವರೆಗೂ ಚೀಲವನ್ನು ಬಾಲಕ್ಕೆ ಕಚ್ಚಿಸಿಕೊಂಡೇ ತಿರುಗುತ್ತದೆ. ಒಂದೊಂದು ಚೀಲದಲ್ಲಿ 30ರಿಂದ 40 ಮೊಟ್ಟೆ. ನಮ್ಮ ಹವೆಗೆ ಎರಡು ಮೂರು ತಿಂಗಳಲ್ಲಿ ಆ ಮರಿಗಳೂ ಮೊಟ್ಟೆಗೆ ಸಿದ್ಧ. ಸಂಕ್ರಾಂತಿಗೆ ಒಂದು ಕಂಡು "ಒಂದೇ ಅಲ್ಲವೇ" ಎಂದು ಬಿಟ್ಟವರು ಗೌರಿ ಹಬ್ಬಕ್ಕೆ ಡಬ್ಬಿ ತೆಗೆಯಲು ಹೆದರುತ್ತಾರೆ.

ಹಾಗಾದರೆ ಇದಾದರೂ ಜರ್ಮನಿಯದೇ?

ಇದು ನಮ್ಮ ಕಡೆಯದೇ! ಲಿನೇಯಸ್ 1767ರಲ್ಲಿ ಕೊಟ್ಟ ಹೆಸರು ಅಂಟಿಕೊಂಡಿತು, ಅಷ್ಟೇ. ಹದಿನೇಳು ದೇಶಗಳಿಂದ ಕಲೆಹಾಕಿದ 281 ಜಿರಳೆಗಳ ಡಿಎನ್‌ಎ ಹೋಲಿಸಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಈ ಜಾತಿ ಸುಮಾರು 2,100 ವರ್ಷಗಳ ಹಿಂದೆ ಬಯಲಿನ ಏಷ್ಯನ್ ಜಿರಳೆಯಿಂದ ಕವಲೊಡೆಯಿತು, ಅದೂ ಭಾರತ ಅಥವಾ ಮ್ಯಾನ್ಮಾರ್ ಕಡೆ, ಮನುಷ್ಯರ ವಸತಿಗೆ ಒಗ್ಗಿಕೊಳ್ಳುತ್ತ. ಸುಮಾರು 1,200 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದತ್ತ ಸಾಗಿತು. ಯುರೋಪಿಗೆ ಕಾಲಿಟ್ಟು ಇನ್ನೂ ಮುನ್ನೂರು ವರ್ಷವಾಗಿಲ್ಲ. ನಮ್ಮ ಕಡೆಯಿಂದ ಹೊರಟು, ಜರ್ಮನ್ ಎಂಬ ಹೆಸರು ಹೊತ್ತು ನಮ್ಮ ಅಡುಗೆಮನೆಗೇ ಮರಳಿದ ಹಾಗಾಯಿತು.

ಟಿ.ವಿ. ಹಿಂದೆ, ದೇವರ ಪಟದ ಹಿಂದೆ ಸಣ್ಣ ಜಿರಳೆಗಳಿವೆ. ಇವೂ ಜರ್ಮನ್ನೇ?

ಬಹುಶಃ ಅಲ್ಲ. ಗಾತ್ರ ಅದೇ, ಹತ್ತರಿಂದ ಹದಿನಾಲ್ಕು ಮಿಲಿಮೀಟರ್. ಹೆಗಲ ಮೇಲೆ ಆ ಎರಡು ಗೆರೆ ಇಲ್ಲವೆಂದಾದರೆ, ಬದಲಿಗೆ ರೆಕ್ಕೆಯ ಬುಡದಲ್ಲೂ ಅದರ ಕೆಳಗೂ ಅಡ್ಡಡ್ಡ ತಿಳಿ ಪಟ್ಟೆ ಕಂಡರೆ, ಅದು ಕಂದುಪಟ್ಟೆಯ ಜಿರಳೆ. ವೈಜ್ಞಾನಿಕ ಹೆಸರು ಸುಪೆಲ್ಲಾ ಲಾಂಜಿಪಾಲ್ಪಾ. ಮರಿಗಳಲ್ಲಿ ಈ ಪಟ್ಟೆ ಇನ್ನೂ ಎದ್ದು ಕಾಣುತ್ತದೆ.

ಇದಕ್ಕೆ ಬೇಕಾದದ್ದು ಬೆಚ್ಚಗೆ, ಒಣಗಿದ, ಎತ್ತರದ ಜಾಗ. ಜರ್ಮನ್ ಜಿರಳೆಯಂತೆ ನೀರಿನ ಆಸರೆಗೇ ಅಂಟಿಕೊಳ್ಳುವುದಿಲ್ಲ. ಸೆಟ್‌ಟಾಪ್ ಬಾಕ್ಸು, ಗಡಿಯಾರದ ಬೆನ್ನು, ಪರದೆಯ ಮಡಿಕೆ, ಅಟ್ಟದ ಮೇಲಿನ ಸೂಟ್‌ಕೇಸು, ಪುಸ್ತಕದ ಬೆನ್ನುಹುರಿ, ಮಂಚದ ಕೀಲು ಎಲ್ಲವೂ ಆದೀತು. ಮೊಟ್ಟೆಚೀಲ ಐದು ಮಿಲಿಮೀಟರಿನಷ್ಟಿದ್ದು, ಮೇಜಿನ ಅಡಿಗೋ ಪಟದ ಹಿಂಬದಿಗೋ ಗಟ್ಟಿಯಾಗಿ ಅಂಟಿರುತ್ತದೆ, ಉಗುರಿನಿಂದ ಕೆರೆದರೂ ಬೇಗ ಬಿಡದು. ಗಂಡು ಚುರುಕಾಗಿ ಹಾರುತ್ತದೆ. ಮಲಗುವ ಕೋಣೆಯಲ್ಲಿ ಸಣ್ಣ ಜಿರಳೆ ಎಂದರೆ ಮೊದಲ ಅನುಮಾನ ಇದರ ಮೇಲಿರಲಿ. ಅಡುಗೆಮನೆಗೆ ಎಷ್ಟು ಔಷಧಿ ಹಾಕಿದರೂ ಇದಕ್ಕೆ ಏನೂ ಆಗದು.

ಹಿತ್ತಲಿನಲ್ಲಿ ಅಮೆರಿಕನ್ ಜಿರಳೆಯಂಥದೇ ಇದೆ, ಆದರೆ ಹೆಗಲಿನ ಮೇಲೆ ಹಳದಿ ಗೆರೆ. ಏಕೆ?

ಅದು ಅದರ ದಾಯಾದಿ, ಆಸ್ಟ್ರೇಲಿಯನ್ ಜಿರಳೆ. ಸ್ವಲ್ಪ ಗಿಡ್ಡ, ಬಣ್ಣ ಇನ್ನಷ್ಟು ಗಾಢ. ಗುರಾಣಿಯ ಅಂಚಿನ ಹಳದಿ ಬಳೆ ಅಚ್ಚುಕಟ್ಟು. ಮುಖ್ಯ ಗುರುತು ರೆಕ್ಕೆಯ ಬುಡದಲ್ಲಿ, ಹೊರ ಅಂಚಿನ ಉದ್ದಕ್ಕೆ ಇಳಿದ ಹಳದಿ ಗೆರೆ. ಪೊಲೀಸರ ಹೆಗಲಪಟ್ಟಿಯಂತೆ ಎರಡೂ ಕಡೆ ಒಂದೊಂದು. ಇದರ ಒಲವು ಗಿಡಗಂಟಿಗಳ ಕಡೆ. ಬಾಳೆಯ ಒಣಗಿದ ಹೊದಿಕೆ, ತೆಂಗಿನ ಗರಿಯ ರಾಶಿ, ಅಡಕೆ ಸೋಗೆ, ನರ್ಸರಿಯ ಕುಂಡಗಳ ಸಂದಿಯಲ್ಲಿ ಹುಡುಕಿದರೆ ಸಿಗುತ್ತದೆ. ಮಲೆನಾಡು, ಕರಾವಳಿಯ ತೇವ ಇದಕ್ಕೆ ಚೆನ್ನಾಗಿ ಹಿಡಿಸುತ್ತದೆ.

ಹಳದಿ ಗೆರೆಯೂ ಇಲ್ಲ, ಗುರಾಣಿಯ ಮಚ್ಚೆಯೂ ಮಬ್ಬು, ಆದರೆ ದೊಡ್ಡದು ಎಂದಾದರೆ ಪೆರಿಪ್ಲಾನೆಟಾ ಬ್ರೂನಿಯಾ ಎಂಬ ಕಂದು ಜಿರಳೆಯಿರಬಹುದು. ಚಿತ್ರ ನೋಡಿ ಇದನ್ನೂ ಅಮೆರಿಕನ್ನನ್ನೂ ಬೇರ್ಪಡಿಸುವುದು ನನಗೂ ತಲೆನೋವೇ. ಬಾಲಗಳು ಮೋಟಾಗಿ ದಪ್ಪಗಿದ್ದರೆ ಇದು, ಸಪೂರವಾಗಿ ನೀಳವಾಗಿದ್ದರೆ ಅಮೆರಿಕನ್. ಮನೆಯವರಿಗೆ ಈ ವ್ಯತ್ಯಾಸದಿಂದ ಆಗಬೇಕಾದದ್ದೇನೂ ಇಲ್ಲ.

ತಾರಸಿ ತೋಟದ ಕುಂಡದಲ್ಲಿ ಮಣ್ಣು ಕೆದಕಿದರೆ ಕಪ್ಪು ಹುಳುಗಳು ಒಳಗೆ ನುಸುಳುತ್ತವೆ. ಜಿರಳೆಯೇ?

ಹೌದು, ಸುರಿನಾಮ್ ಜಿರಳೆ. ಮಣ್ಣೊಳಗೆ ಬಿಲ ತೋಡಿಕೊಂಡಿರುವ ಜಾತಿ. ಬೆಳೆದದ್ದು ಎರಡು ಸೆಂಟಿಮೀಟರ್ ಆಸುಪಾಸು. ಗುರಾಣಿ ಹೊಳೆಯುವ ಕಪ್ಪು, ಅದರ ಮುಂದಿನ ಅಂಚಿಗೆ ತೆಳ್ಳಗೆ ಬಿಳಿ ಕರೆ, ರೆಕ್ಕೆ ಮಾಸಲು ಕಂದು. ರೆಕ್ಕೆ ಬಾರದ ಮರಿಗಳನ್ನು ಗುರುತಿಸುವುದು ಇನ್ನೂ ಸುಲಭ. ಮೈಯ ಮುಂಭಾಗ ಎಣ್ಣೆ ಸವರಿದಂತೆ ಮಿರುಗುತ್ತದೆ, ಹೊಟ್ಟೆಯ ಹಿಂಭಾಗ ಒರಟಾಗಿ ಹೊಳಪಿಲ್ಲದೆ ಇರುತ್ತದೆ. ಒಂದೇ ಹುಳುವಿಗೆ ಎರಡು ಬಗೆಯ ಬಣ್ಣ ಬಳಿದ ಹಾಗೆ.

ಇದರ ತವರೂ ಸುರಿನಾಮ್ ಅಲ್ಲ, ನಮ್ಮ ದಕ್ಷಿಣ, ಆಗ್ನೇಯ ಏಷ್ಯಾದ ಭಾಗವೇ. ವಿಚಿತ್ರವೆಂದರೆ ಈ ಜಾತಿಯ ಹೆಣ್ಣಿಗೆ ಗಂಡಿನ ಹಂಗಿಲ್ಲ, ಒಂಟಿಯಾಗಿಯೇ ಮರಿ ಮಾಡುತ್ತದೆ. ಒಂದು ಕುಂಡದ ಜೊತೆ ಒಂದೇ ಹೆಣ್ಣು ಬಂದರೂ ಸಂಸಾರ ಶುರು. ಕಾಂಪೋಸ್ಟ್ ಗುಂಡಿಯಲ್ಲಿದ್ದರೆ ನಾನು ಮುಟ್ಟುವುದಿಲ್ಲ, ಎಲೆ ಸಿಪ್ಪೆ ಕರಗಿಸುವ ಕೆಲಸವನ್ನು ಪುಕ್ಕಟೆ ಮಾಡುತ್ತಿರುತ್ತದೆ. ಕುಂಡದಲ್ಲಿ ಹೆಚ್ಚಾದರೆ ಎಳೆ ಬೇರು, ಕಾಂಡದ ಬುಡ ಕೆರೆದು ತಿನ್ನುತ್ತದೆ. ಆಗ ನೀರು ಕಡಿಮೆ ಮಾಡಿ, ಮೇಲ್ಮಣ್ಣು ಒಣಗಲು ಬಿಡಿ. ನಾಟಿ ಕೋಳಿ ಸಾಕುವವರು ಒಂದು ತಿಳಿದಿರಲಿ: ಕೋಳಿಗಳ ಕಣ್ಣಿನಲ್ಲಿ ಬೆಳೆಯುವ ಒಂದು ಹುಳು ಈ ಜಿರಳೆಯ ಮೂಲಕವೇ ಹರಡುತ್ತದೆ.

ಕಪ್ಪು ಮೈ, ಮೇಲೆ ಬಿಳಿ ಚುಕ್ಕಿ. ಇಷ್ಟು ಚೆಂದದ ಹುಳು ಜಿರಳೆಯಾಗಲು ಸಾಧ್ಯವೇ?

ಸಾಧ್ಯ. ಥೀರಿಯಾ ಪೆಟಿವೇರಿಯಾನಾ. ದಕ್ಷಿಣ ಭಾರತದ ಕುರುಚಲು ಕಾಡು, ಒಣ ಬಯಲುಗಳ ನಿವಾಸಿ. ದುಂಡಗಿನ ಮೈ, ಕಡುಕಪ್ಪು ಬಣ್ಣ, ಅದರ ಮೇಲೆ ಏಳು ಕೆನೆಬಿಳಿ ಚುಕ್ಕಿ. ಮರಿಗಳು ವರ್ಷದ ಬಹುಕಾಲ ಮಣ್ಣು, ತರಗೆಲೆಯೊಳಗೆ ಕಳೆಯುತ್ತವೆ, ಬೆಳೆದವು ಮಳೆಗಾಲ ಹಿಡಿದಾಗ ಹೊರಬೀಳುತ್ತವೆ. ಚುಕ್ಕಿಯ ವೇಷದ ಹಿಂದೆ ಒಂದು ಹುನ್ನಾರವಿದೆ. ಅದೇ ಬಯಲಿನಲ್ಲಿ ಆರು ಬಿಳಿ ಚುಕ್ಕಿಯ ಕಪ್ಪು ನೆಲದುಂಬಿ ಓಡಾಡುತ್ತದೆ. ಕೆಣಕಿದವರ ಮೇಲೆ ಉರಿಯುವ ಆಮ್ಲ ಚಿಮ್ಮಿಸುವುದರಿಂದ ಅದನ್ನು ಯಾರೂ ಮುಟ್ಟರು. ಈ ಜಿರಳೆ ಅದರ ಅಂಗಿ ತೊಟ್ಟು ಬದುಕುತ್ತಿದೆ. ಇದನ್ನು ವಿದೇಶಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮುದ್ದಿಗೆ ಸಾಕುವವರೂ ಇದ್ದಾರೆ. ನಿಮ್ಮ ಹೊಲದ ಬದುವಿನಲ್ಲಿ ಕಂಡರೆ ದಯವಿಟ್ಟು ಚಪ್ಪಲಿ ಎತ್ತಬೇಡಿ. ಅದು ಮನೆಗೆ ಬರುವ ಜಾತಿಯಲ್ಲ.

ಸಂಜೆ ಜಗಲಿಯ ದೀಪಕ್ಕೆ ಹಾರಿ ಬರುವ ಸಣ್ಣ ಜಿರಳೆ ಜರ್ಮನ್ ಅಲ್ಲವೇ? ಎರಡು ಗೆರೆಯೂ ಇದೆಯಲ್ಲ!

ಹಾರಿದ್ದರಿಂದಲೇ ಅಲ್ಲ. ಮೇಲೆ ಹೇಳಿದ ಏಷ್ಯನ್ ಜಿರಳೆಯೋ ಅದರ ಹತ್ತಿರದ ಇನ್ನಾವುದೋ ಬಯಲ ಬಂಧುವೋ ಇರಬೇಕು. ಚಿತ್ರದಲ್ಲಿ ಅವಳಿಗಳಂತೆ ಕಾಣುತ್ತವೆ, ನಡತೆ ಮಾತ್ರ ತದ್ವಿರುದ್ಧ. ಜರ್ಮನ್ ಜಿರಳೆ ದೀಪ ಕಂಡರೆ ಓಡಿಹೋಗುತ್ತದೆ, ಇದು ದೀಪ ಹುಡುಕಿಕೊಂಡು ಬರುತ್ತದೆ. ಹುಲ್ಲು, ತರಗೆಲೆಯಲ್ಲಿ ಇದರ ವಾಸ. ಕಿಟಕಿಗೆ ಸೊಳ್ಳೆ ಜಾಲರಿಯಿದ್ದರೆ ಸಾಕು.

ಬಿಳಿ ಜಿರಳೆ ಕಂಡೆ. ಅಪರೂಪದ್ದೇ?

ಆಗಷ್ಟೇ ಪೊರೆ ಬಿಟ್ಟ ಮಾಮೂಲಿ ಜಿರಳೆ. ಕೆಲವು ಗಂಟೆಗಳಲ್ಲಿ ಕಂದಾಗುತ್ತದೆ.

ರೆಕ್ಕೆಯಿಲ್ಲದ್ದು ಬೇರೆ ಜಾತಿಯೇ? ಜಿರಳೆ ಕಾಣದೆ ಕುರುಹು ಮಾತ್ರ ಸಿಕ್ಕಿದರೆ?

ಮರಿಗಳಿಗೆ ರೆಕ್ಕೆ ಇರುವುದಿಲ್ಲ, ಕೊನೆಯ ಪೊರೆ ಕಳಚಿದ ಮೇಲೆಯೇ ಅದು ಬರುವುದು. ಅಮೆರಿಕನ್ ಜಿರಳೆಯ ಮರಿ ಹದಿಮೂರು ಸಲದವರೆಗೂ ಪೊರೆ ಬಿಡುತ್ತ, ಬೆಳೆದು ಮುಗಿಯಲು ಆರು ತಿಂಗಳಿಂದ ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ.

ಕುರುಹುಗಳು ಕೆಲವೊಮ್ಮೆ ಜಿರಳೆಗಿಂತ ಚೆನ್ನಾಗಿ ಮಾತಾಡುತ್ತವೆ. ಮೂಲೆಯಲ್ಲಿ ಅಲಸಂದೆ ಕಾಳಿನಷ್ಟು ದೊಡ್ಡ, ಕಾಫಿ ಬೀಜದ ಬಣ್ಣದ, ಒಂದು ಅಂಚಿಗೆ ಗರಗಸದ ಹಲ್ಲಿರುವ ಪುಟ್ಟ ಪರ್ಸಿನಂಥ ವಸ್ತು ಸಿಕ್ಕಿದರೆ ಅದು ಅಮೆರಿಕನ್ ಜಿರಳೆಯ ಮೊಟ್ಟೆಚೀಲ, ಒಳಗೆ 14ರಿಂದ 16 ಮೊಟ್ಟೆ. ಹಲ್ಲಿನ ಅಂಚು ಬಾಯಿ ತೆರೆದಿದ್ದರೆ ಮರಿಗಳು ಹೊರಟುಹೋಗಿವೆ. ಕಪಾಟಿನ ಮೂಲೆಯಲ್ಲಿ ಚಹಾಪುಡಿ ಚೆಲ್ಲಿದಂಥ ಕಪ್ಪು ಹುಡಿ, ತಿರುಗಣಿಯ ಸುತ್ತ ಶಾಯಿ ಚುಕ್ಕೆಯಂಥ ಕಲೆ ಇದ್ದರೆ ಜರ್ಮನ್ ಜಿರಳೆಯ ಹಿಕ್ಕೆ. ದೊಡ್ಡ ಜಿರಳೆಯ ಹಿಕ್ಕೆಯನ್ನು ಸುಂಡಿಲಿಯದೆಂದು ತಪ್ಪು ತಿಳಿಯುವವರುಂಟು. ಇಲಿಯ ಹಿಕ್ಕೆಯ ತುದಿ ಚೂಪು, ಜಿರಳೆಯದು ಮೊಂಡಾಗಿ ಉದ್ದುದ್ದ ಗೀರುಗಳಿರುತ್ತವೆ.

ಜಿರಳೆಯೆಂದುಕೊಂಡು ಬೇರೆ ಹುಳುವನ್ನು ಕೊಲ್ಲುತ್ತಿಲ್ಲವಷ್ಟೇ?

ಮಳೆಗಾಲದಲ್ಲಿ ಈ ತಪ್ಪು ಹೆಚ್ಚು. ದುಂಬಿಯ ಎರಡು ಗಟ್ಟಿ ರೆಕ್ಕೆಗಳು ಬೆನ್ನಿನ ನಡುವೆ ಬೈತಲೆ ತೆಗೆದಂತೆ ನೇರ ಗೆರೆಯಲ್ಲಿ ಕೂಡುತ್ತವೆ. ಜಿರಳೆಯ ರೆಕ್ಕೆ ಪಂಚೆಯ ಮಡಿಕೆಯಂತೆ ಒಂದರ ಮೇಲೊಂದು ಏರಿರುತ್ತದೆ. ಇಷ್ಟು ನೋಡಿಕೊಂಡರೆ ದುಂಬಿಗಳು ಬದುಕಿಕೊಳ್ಳುತ್ತವೆ. ಕೆರೆಯ ಬಳಿಯ ಮನೆಗಳಿಗೆ ದೀಪಕ್ಕೆ ಬರುವ ಅಂಗೈಯಗಲದ ಚಪ್ಪಟೆ ಹುಳು ನೀರುತಿಗಣೆ, ಅದನ್ನು ಬರಿಗೈಯಲ್ಲಿ ಹಿಡಿಯಬೇಡಿ, ಚುಚ್ಚಿದರೆ ಬಹಳ ನೋವು. ಇನ್ನು ಜೀರುಂಡೆ ಬೇರೆ, ಜಿರಳೆ ಬೇರೆ. ಹೆಸರು ಮಾತ್ರ ಅಕ್ಕಪಕ್ಕ.

ಗೆದ್ದಲಿಗೂ ಜಿರಳೆಗೂ ಸಂಬಂಧವಿದೆಯಂತೆ, ನಿಜವೇ?

ನಿಜ. ಗೆದ್ದಲು ಇರುವೆಗಳ ಬಳಗವಲ್ಲ, ಮರ ತಿನ್ನುವ ಜಿರಳೆಗಳಿಂದ ಬಂದ ಸಂತಾನ. 2007ರಲ್ಲಿ ಪ್ರಕಟವಾದ ಡಿಎನ್‌ಎ ಹೋಲಿಕೆಯ ಬಳಿಕ ಅವನ್ನು ಜಿರಳೆಗಳ ಗಣದಲ್ಲೇ ಸೇರಿಸಿದ್ದಾರೆ. ಹುತ್ತಕ್ಕೆ ಹಾಲೆರೆಯುವಾಗ ಯೋಚಿಸಬೇಡಿ.

ಮೊದಲ ಮಳೆ ಬಂದ ರಾತ್ರಿಯೇ ಏಕೆ ಇಷ್ಟೊಂದು?

ಛೇಂಬರಿನಲ್ಲಿ ನೀರೇರುತ್ತದೆ, ಒಳಗಿದ್ದವು ಒಣ ಜಾಗ ಹುಡುಕಿ ಮೇಲಕ್ಕೆ ಬರುತ್ತವೆ. ಜೊತೆಗೆ ಮಳೆಗೆ ಮುಂಚಿನ ಬಿಸಿ, ಸೆಕೆಯ ಸಂಜೆಗಳಲ್ಲಿ ಅಮೆರಿಕನ್ ಜಿರಳೆ ಹಾರುವುದೂ ಹೆಚ್ಚು. ಅದನ್ನು ಹಾರಾಟ ಎನ್ನುವುದಕ್ಕಿಂತ ಎತ್ತರದಿಂದ ತೇಲಿ ಬೀಳುವುದು ಎನ್ನಬೇಕು. ಅದು ಮುಖದ ಮೇಲೆಯೇ ಬಂದು ಕೂರುವುದು ಬೇಕೆಂದೇ ಅಲ್ಲ.

ಸರಿ, ಈಗ ಹೇಳಿ: ಏನು ಹಾಕಬೇಕು?

ಜರ್ಮನ್ ಜಿರಳೆಗೆ ಜೆಲ್, ಅಂದರೆ ತಿನಿಸಿನಲ್ಲಿ ವಿಷ ಬೆರೆಸಿದ ಅಂಟು. ಸಾಸಿವೆಯಷ್ಟು ಸಣ್ಣ ಚುಕ್ಕೆಗಳನ್ನು ತಿರುಗಣಿ, ಫ್ರಿಜ್ಜಿನ ಹಿಂಬದಿ, ಸಿಂಕಿನ ಕೆಳಗಿನ ಮೂಲೆಗಳಲ್ಲಿ ಇಡಿ. ತಿಂದದ್ದು ಬಿಲಕ್ಕೆ ಹೋಗಿ ಸಾಯುತ್ತದೆ, ಅದರ ಹಿಕ್ಕೆಯನ್ನೂ ಹೆಣವನ್ನೂ ತಿಂದ ಉಳಿದವೂ ಸಾಯುತ್ತವೆ. ಜೆಲ್ ಇಟ್ಟ ಕಡೆ ಸ್ಪ್ರೇ ಹೊಡೆದರೆ ಅವು ಆ ಕಡೆ ಸುಳಿಯುವುದಿಲ್ಲ, ಎರಡರ ಹಣವೂ ದಂಡ. ಜೆಲ್ ಮೊದಲಿನಂತೆ ಕೆಲಸ ಮಾಡುತ್ತಿಲ್ಲ ಎಂದರೆ ಬೇರೆ ಬಗೆಯದನ್ನು ತನ್ನಿ. ಸಿಹಿ ಬೆರೆಸಿದ ವಿಷವನ್ನು ಮೂಸಿಯೂ ನೋಡದ ಜರ್ಮನ್ ಜಿರಳೆಗಳು ಅಮೆರಿಕದಲ್ಲಿ ಹುಟ್ಟಿಕೊಂಡಿರುವ ಸಂಗತಿ 1993ರಲ್ಲೇ ವರದಿಯಾಗಿತ್ತು. ಅವುಗಳ ನಾಲಗೆಗೆ ಗ್ಲೂಕೋಸ್ ಕಹಿಯಾಗಿ ತಾಗುತ್ತದೆ ಎಂಬುದು 2013ರಲ್ಲಿ ತಿಳಿಯಿತು.

ಅಮೆರಿಕನ್ ಜಿರಳೆಗೆ ಔಷಧಿಗಿಂತ ಗಾರೆ ಕೆಲಸ ಮುಖ್ಯ. ಛೇಂಬರಿನ ಮುಚ್ಚಳ, ಬಚ್ಚಲಿಗೆ ಜಾಲರಿ, ಪೈಪಿನ ಸುತ್ತ ಸಿಮೆಂಟು, ಬಳಸದ ಬಚ್ಚಲಿಗೆ ವಾರಕ್ಕೊಮ್ಮೆ ಒಂದು ಚೊಂಬು ನೀರು. ಕಂದುಪಟ್ಟೆಯದಕ್ಕೆ ಪಟಗಳನ್ನೆಲ್ಲ ಇಳಿಸಿ, ಮೊಟ್ಟೆಚೀಲಗಳನ್ನು ಹಳೆಯ ಚಾಕುವಿನಿಂದ ಕೆತ್ತಿ ತೆಗೆದು ಜಜ್ಜಬೇಕು, ಸ್ಪ್ರೇ ಚೀಲದೊಳಕ್ಕೆ ಇಳಿಯುವುದಿಲ್ಲ.

ಬೋರಿಕ್ ಪುಡಿ, ಸಕ್ಕರೆ, ಹಿಟ್ಟು ಕಲಸಿ ಉಂಡೆ ಕಟ್ಟುವುದು ಹಳೆಯ ಉಪಾಯ, ಕೆಲಸವನ್ನೂ ಮಾಡುತ್ತದೆ. ಆದರೆ ಅದು ನೋಡಲು ತಂಬಿಟ್ಟಿನಂತೆಯೇ ಇರುತ್ತದೆ. ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಬೇಡ. ಗೆರೆ ಎಳೆಯುವ ಬಳಪವೂ ಕೀಟನಾಶಕವೇ, ಎಳೆದ ಮೇಲೆ ಕೈ ತೊಳೆಯಿರಿ, ಪಾತ್ರೆಯಿಡುವ ಕಡೆ ಎಳೆಯಬೇಡಿ.

ಕಾಯಿಲೆ ತರುತ್ತದೆಯೇ? ಕಚ್ಚುತ್ತದೆಯೇ?

ಕಚ್ಚುವುದು ತೀರಾ ಅಪರೂಪ. ಕಾಯಿಲೆಯ ಮಾತು ಬೇರೆ: ಚರಂಡಿಯಲ್ಲಿ ತುಳಿದ ಕಾಲಿನಲ್ಲೇ ಅನ್ನದ ತಪ್ಪಲೆಯ ಮೇಲೆ ನಡೆಯುತ್ತದೆ, ಸಾಲ್ಮೊನೆಲ್ಲಾದಂಥ ರೋಗಾಣುಗಳು ಕಾಲಿಗಂಟಿ ಬರುತ್ತವೆ. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ಉಬ್ಬಸದ ವಿಚಾರ. ಒಣಗಿದ ಹಿಕ್ಕೆ, ಕಳಚಿದ ಪೊರೆ ಧೂಳಾಗಿ ಉಸಿರಿನೊಂದಿಗೆ ಒಳಹೋದರೆ ಅಲರ್ಜಿಯಿರುವ ಮಕ್ಕಳಿಗೆ ಉಬ್ಬಸ ಕೆರಳುತ್ತದೆ. ಜಿರಳೆ ಸತ್ತ ಮೇಲೂ ಆ ಧೂಳು ಉಳಿಯುತ್ತದೆ, ಹಾಗಾಗಿ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ನಿಮಗೆ ಚಿತ್ರ ಕಳಿಸುವುದಾದರೆ ಹೇಗೆ ತೆಗೆಯಬೇಕು?

ಜಜ್ಜಬೇಡಿ. ಜಜ್ಜಿದ ಜಿರಳೆಗೆ ಹೆಗಲಿರುವುದಿಲ್ಲ. ಗಾಜಿನ ಲೋಟ ಕವುಚಿ ಹಾಕಿ, ಕೆಳಗೆ ರಟ್ಟು ಜಾರಿಸಿ. ಹಿಡಿಯಲು ಆಗದಿದ್ದರೆ ಬಾಳೆಹಣ್ಣಿನ ಚೂರು ಹಾಕಿದ ಉದ್ದನೆಯ ಗಾಜಿನ ಬಾಟಲಿ ಇಟ್ಟು, ಬಾಯಿಯ ಒಳಸುತ್ತಿಗೆ ವ್ಯಾಸಲೀನ್ ಸವರಿಡಿ. ಒಳಗೆ ಇಳಿದದ್ದು ಹತ್ತಲಾರದು. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯವಿಟ್ಟು, ನೇರ ಮೇಲಿನಿಂದ, ಹಗಲು ಬೆಳಕಿನಲ್ಲಿ ತೆಗೆಯಿರಿ. ಎಲ್ಲಿ ಸಿಕ್ಕಿತೆಂದು ಬರೆಯಿರಿ. ಅಲುಗಾಡದಿರಲು ಫ್ರೀಜರಿನಲ್ಲಿ ಸ್ವಲ್ಪ ಹೊತ್ತು ಇಡುವುದು ಒಳ್ಳೆಯ ಉಪಾಯ. ನಮ್ಮ ಮನೆಯಲ್ಲಿ ಅದಕ್ಕೆ ಅನುಮತಿ ಇಲ್ಲ.

ಜಿರಳೆಗೆ ಶತ್ರುಗಳೇ ಇಲ್ಲವೇ? ಗೋಡೆಯ ಮೇಲೆ ಬಾಲ ಕುಣಿಸುವ ಕಪ್ಪು ನೊಣವೊಂದಿದೆ, ಅದೇನು?

ಹಲ್ಲಿ ಗೊತ್ತೇ ಇದೆ. ಅಂಗೈಯಗಲ ಕಾಲು ಚಾಚಿ, ಹೊಟ್ಟೆಯ ಕೆಳಗೆ ಬಿಳಿ ಬಿಲ್ಲೆಯಂಥ ಮೊಟ್ಟೆಚೀಲ ಹಿಡಿದು ಗೋಡೆಯಲ್ಲಿ ಕೂರುವ ದೊಡ್ಡ ಜೇಡವೂ ಜಿರಳೆ ಬೇಟೆಗಾರನೇ, ಓಡಿಸಬೇಡಿ.

ನೀವು ಕೇಳಿದ ಕಪ್ಪು ನೊಣ ನೊಣವಲ್ಲ, ಕಣಜ. ಎವೇನಿಯಾ ಎಂದು ಹೆಸರು. ಪುಟ್ಟ ಹೊಟ್ಟೆ ಸಣ್ಣ ತೊಟ್ಟಿನಿಂದ ಬೆನ್ನಿನ ಮೇಲ್ಭಾಗಕ್ಕೆ ಅಂಟಿಕೊಂಡು, ಬಾವುಟದಂತೆ ಮೇಲೆ ಕೆಳಗೆ ಆಡುತ್ತಿರುತ್ತದೆ. ದೊಡ್ಡ ಜಿರಳೆಗಳ ಮೊಟ್ಟೆಚೀಲ ಹುಡುಕಿ ಅದರೊಳಗೆ ತನ್ನದೊಂದು ಮೊಟ್ಟೆ ಇಡುತ್ತದೆ. ಹುಟ್ಟಿದ ಮರಿ ಆ ಚೀಲದ ಮೊಟ್ಟೆಗಳನ್ನೆಲ್ಲ ಬರಿದು ಮಾಡಿ ಹೊರಬರುತ್ತದೆ. ನಮ್ಮನ್ನು ಕುಟುಕುವುದಿಲ್ಲ. ಇದು ಮನೆಯಲ್ಲಿ ಸುಳಿದಾಡುತ್ತಿದೆಯೆಂದರೆ ದೊಡ್ಡ ಜಿರಳೆಗಳೂ ಹತ್ತಿರದಲ್ಲೆಲ್ಲೋ ಇವೆ ಎಂದರ್ಥ.

ಇನ್ನೊಂದಿದೆ, ಪಚ್ಚೆ ಕಣಜ, ಆಂಪ್ಯುಲೆಕ್ಸ್ ಕಂಪ್ರೆಸಾ. ನಾನದನ್ನು ಕಣ್ಣಾರೆ ಕಂಡದ್ದು ಒಮ್ಮೆ ಮಾತ್ರ, ನಮ್ಮ ಕಾಂಪೌಂಡ್ ಗೋಡೆಯ ಬುಡದಲ್ಲಿ. ನವಿಲುಗರಿಯ ಹಸಿರು ಮೈ, ಕೆಂಪು ತೊಡೆ, ತನಗಿಂತ ಬಹಳ ದೊಡ್ಡದಾದ ಅಮೆರಿಕನ್ ಜಿರಳೆಯ ಎದುರು ನಿಂತಿತ್ತು. ಮೊದಲು ಎದೆಗೆ ಕುಟುಕಿ ಮುಂಗಾಲು ಕಟ್ಟಿಹಾಕುತ್ತದೆ, ಎರಡನೆಯ ಸಲ ನೇರ ಮಿದುಳಿಗೆ. ಆಮೇಲೆ ಜಿರಳೆಗೆ ಓಡುವ ಶಕ್ತಿಯಿದ್ದರೂ ಓಡಬೇಕೆನಿಸುವುದಿಲ್ಲ. ಕಣಜ ಅದರ ಮೀಸೆಗಳನ್ನು ಅರ್ಧಕ್ಕೆ ಕತ್ತರಿಸಿತು. ಉಳಿದ ಮೋಟು ಮೀಸೆಯನ್ನು ಬಾಯಲ್ಲಿ ಕಚ್ಚಿ, ಹಗ್ಗ ಹಿಡಿದು ಹಸುವನ್ನು ಕೊಟ್ಟಿಗೆಗೆ ಕರೆದೊಯ್ಯುವಂತೆ ಹಿಂದೆ ಹಿಂದೆ ನಡೆಯುತ್ತ ಗೋಡೆಯ ಬಿರುಕಿನತ್ತ ಎಳೆಯಿತು. ಜಿರಳೆ ಒಂದಿಷ್ಟೂ ತಕರಾರಿಲ್ಲದೆ ತನ್ನ ಕಾಲಿನಲ್ಲೇ ನಡೆದು ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಕಣಜ ಒಂದೇ ಹೊರಬಂದು, ಸಣ್ಣ ಸಣ್ಣ ಕಲ್ಲಿನ ಹರಳುಗಳನ್ನು ತಂದು ಬಿರುಕಿನ ಬಾಯಿಗೆ ಅಡುಕತೊಡಗಿತು.